ಮನೆ ಮತ್ತು ಅಂಗಡಿಗೆ ಮೆಶ್ ವೈ-ಫೈ: ಪೆಟ್ಟಿಗೆಯ ಮೇಲಿನ ವೇಗ, ಮೇಜಿನ ಬಳಿ ದೊರೆಯುವ ವೇಗ

ನೆಲಮಹಡಿಯಲ್ಲಿ ಅಂಗಡಿ ಅಥವಾ ಸಣ್ಣ ಯಂತ್ರಶಾಲೆ, ಒಂದನೇ ಮಹಡಿಯಲ್ಲಿ ವಾಸ, ಎರಡನೇ ಮಹಡಿಯಲ್ಲಿ ಲೆಕ್ಕಪತ್ರದ ಕೋಣೆ. ಕರ್ನಾಟಕದ ಪೇಟೆ ಬೀದಿಗಳಲ್ಲಿ ಈ ಬಗೆಯ ಕಟ್ಟಡಗಳು ಹೊಸತೇನಲ್ಲ. ಹೊಸತೆಂದರೆ, ಈ ಮೂರೂ ಮಹಡಿಗಳ ಕೆಲಸ ಇಂದು ಒಂದೇ ಅಂತರಜಾಲ ಸಂಪರ್ಕವನ್ನು ನೆಚ್ಚಿಕೊಂಡಿದೆ ಎಂಬುದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿದ ಸಂಸ್ಥೆಗಳಿಗೆ, ನೋಂದಾಯಿತ ವರ್ತಕರೊಡನೆ ನಡೆಸುವ ವ್ಯವಹಾರದಲ್ಲಿ ಇ-ಇನ್‌ವಾಯ್ಸ್ 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ಸರಕು ತುಂಬಿದ ಲಾರಿ ಬಾಗಿಲಲ್ಲಿ ನಿಂತಿರುವಾಗ ಇ-ವೇ ಬಿಲ್ಲಿನ ಪುಟ ತೆರೆಯದಿದ್ದರೆ ಆಗುವ ನಷ್ಟವನ್ನು ವರ್ತಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಂತಹ ಕಟ್ಟಡಗಳಿಗೆ ಒಂದೇ ರೂಟರ್ ಸಾಲುವುದಿಲ್ಲವಾದ್ದರಿಂದ ‘ಮೆಶ್’ ವ್ಯವಸ್ಥೆಗಳಿಗೆ ಬೇಡಿಕೆ ಹೆಚ್ಚಿದೆ. ಎರಡು ಅಥವಾ ಮೂರು ಘಟಕಗಳು ಒಂದೇ ಹೆಸರಿನ ವೈ-ಫೈ ಜಾಲವನ್ನು ಇಡೀ ಕಟ್ಟಡಕ್ಕೆ ಹರಡುತ್ತವೆ. ಮುಖ್ಯ ಘಟಕವು ಫೈಬರ್ ಮೋಡೆಮ್‌ಗೆ ತಂತಿಯಿಂದ ಜೋಡಣೆಯಾಗುತ್ತದೆ. ಉಳಿದ ಉಪಘಟಕಗಳು ಮುಖ್ಯ ಘಟಕದೊಡನೆ ನಿಸ್ತಂತುವಾಗಿ ಮಾತನಾಡಿಕೊಳ್ಳುತ್ತವೆ. ಜೋಡಣೆ ಸುಲಭ, ನೋಟವೂ ಅಚ್ಚುಕಟ್ಟು. ಆದರೆ 300 ಎಂಬಿಪಿಎಸ್ ಯೋಜನೆಗೆ ಹಣ ಕಟ್ಟಿ, ‘3000’ ಎಂದು ಅಚ್ಚಾದ ಪೆಟ್ಟಿಗೆಯನ್ನು ಕೊಂಡು ತಂದ ಮಾಲೀಕರು ಎರಡನೇ ಮಹಡಿಯ ಮೇಜಿನ ಬಳಿ ಕುಳಿತು ಪರೀಕ್ಷಿಸಿದಾಗ 70 ಅಥವಾ 80 ಮಾತ್ರ ಕಂಡರೆ ತಾವು ಮೋಸ ಹೋದೆವೆಂದೇ ಭಾವಿಸುತ್ತಾರೆ. ಮುಂದಿನ ಹೆಜ್ಜೆಗಳೂ ಬಹುತೇಕ ಒಂದೇ ಬಗೆಯವು: ಸಂಪರ್ಕ ಕೊಟ್ಟ ಕಂಪನಿಗೆ ದೂರು, ಬಳಿಕ 500 ಎಂಬಿಪಿಎಸ್ ಯೋಜನೆ, ಅದೂ ಫಲಿಸದಿದ್ದಾಗ ಇನ್ನೂ ದುಬಾರಿಯಾದ ಘಟಕಗಳು. ಈ ವೆಚ್ಚದ ಬಹುಭಾಗ ಅನಗತ್ಯ. ಮೆಶ್ ವ್ಯವಸ್ಥೆ ವೇಗವನ್ನು ಉತ್ಪಾದಿಸುವುದಿಲ್ಲ; ಮೋಡೆಮ್‌ಗೆ ಬಂದು ಬಿದ್ದ ವೇಗವನ್ನು ಕೋಣೆಯಿಂದ ಕೋಣೆಗೆ ಸಾಗಿಸುತ್ತದೆ. ಸಾಗಾಣಿಕೆಯಲ್ಲಿ ಎಲ್ಲಿ ಎಷ್ಟು ಸೋರಿತೆಂದು ಅಳೆಯದೆ ಮೂಲದಲ್ಲಿ ಹೆಚ್ಚು ಸುರಿದರೆ ಪ್ರಯೋಜನವಾಗದು.

ಪೆಟ್ಟಿಗೆಯ ಮೇಲಿನ ಸಂಖ್ಯೆ

ಮೊದಲು ಮಾನದ ಮಾತು. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದರ್ಥ. ಗಣಕದಲ್ಲಿ ಕಡತವನ್ನು ನಕಲು ಮಾಡುವಾಗ ಕಾಣುವ ಎಂಬಿ ಎಂಬುದು ಮೆಗಾಬೈಟ್. ಎಂಟು ಬಿಟ್‌ಗಳಿಗೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ. ಕ್ವಿಂಟಾಲಿಗೂ ಕಿಲೋಗ್ರಾಮಿಗೂ ಇರುವ ವ್ಯತ್ಯಾಸವನ್ನು ಮರೆತು ಯಾರೂ ವ್ಯಾಪಾರ ಮಾಡುವುದಿಲ್ಲ. ಇಲ್ಲಿ ಮಾತ್ರ ಆ ಗೊಂದಲ ಸಾಮಾನ್ಯವಾಗಿದೆ.

ಪೆಟ್ಟಿಗೆಯ ಮೇಲೆ ಎಸಿ1200, ಎಎಕ್ಸ್1800, ಎಎಕ್ಸ್3000 ಎಂಬ ಗುರುತುಗಳಿರುತ್ತವೆ. ಅಕ್ಷರಗಳು ವೈ-ಫೈ ಪೀಳಿಗೆಯನ್ನು ಹೇಳುತ್ತವೆ: ಎಸಿ ಎಂದರೆ ವೈ-ಫೈ 5, ಎಎಕ್ಸ್ ಎಂದರೆ ವೈ-ಫೈ 6. ಸಂಖ್ಯೆ ಮಾತ್ರ ಒಂದು ಕೂಡಿಕೆಯ ಲೆಕ್ಕ. ಎಸಿ1200 ಎಂದರೆ 2.4 ಗಿಗಾಹರ್ಟ್ಸ್ ಪಟ್ಟಿಯ 300 ಮತ್ತು 5 ಗಿಗಾಹರ್ಟ್ಸ್ ಪಟ್ಟಿಯ 867 ಇವೆರಡರ ಮೊತ್ತ, ಮೇಲಕ್ಕೆ ಸರಿಪಡಿಸಿದ್ದು. ಎಎಕ್ಸ್3000 ಎಂಬುದು 574 ಮತ್ತು 2402ರ ಮೊತ್ತ. ಒಂದು ಮೊಬೈಲ್ ಅಥವಾ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಒಂದು ಸಮಯಕ್ಕೆ ಒಂದೇ ಪಟ್ಟಿಯನ್ನು ಬಳಸುವುದರಿಂದ ಈ ಮೊತ್ತ ಒಬ್ಬ ಬಳಕೆದಾರನಿಗೆ ದೊರೆಯುವ ಪ್ರಮೇಯವೇ ಇಲ್ಲ. ಇದಲ್ಲದೆ 2402 ಎಂಬುದಕ್ಕೆ 160 ಮೆಗಾಹರ್ಟ್ಸ್ ಅಗಲದ ಹಾದಿ ಬೇಕು. ಬಳಕೆಯಲ್ಲಿರುವ ಅನೇಕ ಮೊಬೈಲ್‌ಗಳಿಗೆ 80 ಮೆಗಾಹರ್ಟ್ಸ್ ಹಾದಿ ಮಾತ್ರ ತಿಳಿದಿರುವುದರಿಂದ ಅವುಗಳಿಗೆ ಅದರ ಅರ್ಧ, ಅಂದರೆ 1201, ಗರಿಷ್ಠ ಮಿತಿ. ಒಂದೇ ಆಂಟೆನಾ ಇರುವ ಹಳೆಯ ವೈ-ಫೈ 5 ಮೊಬೈಲ್‌ಗೆ ಅದೇ ಅಗಲದಲ್ಲಿ 433.

ಈ ಸಂಖ್ಯೆಗಳೂ ಸಂಪರ್ಕದ ದರಗಳೇ ಹೊರತು ಕೈಗೆ ಬರುವ ವೇಗವಲ್ಲ. ವೈ-ಫೈಯಲ್ಲಿ ಒಂದು ಹಾದಿಯ ಮೇಲೆ ಒಂದು ಕ್ಷಣಕ್ಕೆ ಒಬ್ಬರೇ ಮಾತನಾಡಬೇಕು. ಕಳುಹಿಸುವವರು ಹಾದಿ ತೆರವಾಗಲು ಕಾಯಬೇಕು, ಪಡೆದವರು ರಸೀದಿ ಕೊಡಬೇಕು. ಈ ಶಿಷ್ಟಾಚಾರಕ್ಕೇ ಕಾಲದ ದೊಡ್ಡ ಪಾಲು ಹೋಗುತ್ತದೆ. ಆದ್ದರಿಂದ ಘಟಕದ ಎದುರಿಗೇ ಕುಳಿತರೂ ಸಂಪರ್ಕ ದರದ ಅರ್ಧದಿಂದ ಮೂರನೇ ಎರಡು ಭಾಗದಷ್ಟು ದೊರೆತರೆ ಉಪಕರಣ ಸರಿಯಾಗಿಯೇ ಇದೆಯೆಂದು ತಿಳಿಯಬೇಕು. 867ಕ್ಕೆ 500ರ ಆಸುಪಾಸು ಬಂದರೆ ಅದು ಕೊರತೆಯಲ್ಲ.

ಜಿಗಿತದ ಸುಂಕ

ಮೆಶ್ ವ್ಯವಸ್ಥೆಯ ನಿಜವಾದ ಸುಂಕ ವಸೂಲಾಗುವುದು ಮುಖ್ಯ ಘಟಕದಿಂದ ಉಪಘಟಕಕ್ಕೆ ಹೋಗುವ ಕೊಂಡಿಯಲ್ಲಿ. ಕಡಿಮೆ ಬೆಲೆಯ ಮೆಶ್ ಜೋಡಿಗಳಲ್ಲಿ ಸಾಮಾನ್ಯವಾಗಿ ಇರುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡೇ ಪಟ್ಟಿಗಳು. ಉಪಘಟಕವು 5 ಗಿಗಾಹರ್ಟ್ಸ್‌ನಲ್ಲಿ ಮುಖ್ಯ ಘಟಕದಿಂದ ಮಾಹಿತಿಯನ್ನು ಪಡೆದು, ಅದೇ ಪಟ್ಟಿಯಲ್ಲಿ, ಅದೇ ಹಾದಿಯಲ್ಲಿ ಬಳಕೆದಾರನಿಗೆ ಮರುಪ್ರಸಾರ ಮಾಡುತ್ತದೆ. ಒಂದೇ ಸರಕನ್ನು ಒಂದೇ ಕಿರಿದಾದ ಬಾಗಿಲಿನ ಮೂಲಕ ಎರಡು ಬಾರಿ ಸಾಗಿಸಿದಂತೆ. ಬಾಗಿಲಿನ ಸಾಮರ್ಥ್ಯ ಅರ್ಧಕ್ಕಿಳಿಯುತ್ತದೆ. ಉಪಘಟಕದಿಂದ ಇನ್ನೊಂದು ಉಪಘಟಕಕ್ಕೆ ಹಾರಿದರೆ ಮೂರನೇ ಒಂದು ಭಾಗಕ್ಕೆ ಬರುತ್ತದೆ.

30 ಅಡಿಗೆ 40 ಅಡಿಯ ನಿವೇಶನದಲ್ಲಿ ಕಟ್ಟಿದ ಮೂರು ಮಹಡಿಗಳ ಕಟ್ಟಡವನ್ನು ಉದಾಹರಣೆಯಾಗಿ ಭಾವಿಸಬಹುದು. ಮೋಡೆಮ್ ಮತ್ತು ಮುಖ್ಯ ಘಟಕ ನೆಲಮಹಡಿಯ ಅಂಗಡಿಯಲ್ಲಿವೆ. ಒಂದೊಂದು ಉಪಘಟಕ ಮೇಲಿನ ಎರಡು ಮಹಡಿಗಳಲ್ಲಿವೆ. ಉಪಕರಣ ಎಸಿ1200. ಕಾಂಕ್ರೀಟ್ ತಾರಸಿಯನ್ನು ದಾಟುವಷ್ಟರಲ್ಲಿ 867ರ ಸಂಪರ್ಕ ದರ 400ರ ಆಸುಪಾಸಿಗೆ ಇಳಿದಿದೆ ಎಂದುಕೊಂಡರೆ, ಅದರ ನೈಜ ವೇಗ ಸುಮಾರು 220. ಮರುಪ್ರಸಾರದ ಸುಂಕ ಕಳೆದು ಒಂದನೇ ಮಹಡಿಯ ಮೊಬೈಲ್‌ಗೆ ದೊರೆಯುವುದು 110. ಎರಡನೇ ಮಹಡಿಯ ಘಟಕವು ಒಂದನೇ ಮಹಡಿಯ ಘಟಕದ ಮೂಲಕವೇ ಬರುತ್ತಿದ್ದರೆ ಲೆಕ್ಕಪತ್ರದ ಕೋಣೆಗೆ ತಲುಪುವುದು 70. ಮಾಲೀಕರನ್ನು ಕೆರಳಿಸಿದ 70 ಎಂಬ ಸಂಖ್ಯೆ ಹೀಗೆ ಲೆಕ್ಕದ ಪ್ರಕಾರವೇ ಬಂದದ್ದು. ಯೋಜನೆಯನ್ನು 300ರಿಂದ 500ಕ್ಕೆ ಏರಿಸಿದರೂ ಅದು 70 ಆಗಿಯೇ ಉಳಿಯುತ್ತದೆ.

ಘಟಕಗಳ ನಡುವಿನ ಮಾತಿಗೆಂದೇ ಪ್ರತ್ಯೇಕ ಪಟ್ಟಿಯನ್ನು ಮೀಸಲಿಟ್ಟ ‘ಟ್ರೈ-ಬ್ಯಾಂಡ್’ ಉಪಕರಣಗಳಲ್ಲಿ ಈ ಸುಂಕ ಬಹಳಷ್ಟು ಕಡಿಮೆಯಾಗುತ್ತದೆ. ಬೆಲೆ ಹೆಚ್ಚು. ಮೂರನೆಯ ಪಟ್ಟಿ 6 ಗಿಗಾಹರ್ಟ್ಸ್ ಆಗಿರುವ ಉಪಕರಣಗಳನ್ನು ಕೊಳ್ಳುವವರು, ವಿಶೇಷವಾಗಿ ವಿದೇಶದಿಂದ ತರಿಸುವವರು, ಆ ಪಟ್ಟಿ ಭಾರತದ ನಿಯಮಗಳಿಗನುಗುಣವಾಗಿ ಕೆಲಸ ಮಾಡುವುದೇ ಎಂದು ಲಿಖಿತವಾಗಿ ಕೇಳಿ ಪಡೆಯುವುದು ಒಳಿತು. ಅಲ್ಲದೆ 6 ಗಿಗಾಹರ್ಟ್ಸ್ ತರಂಗಗಳು ಗೋಡೆ ಮತ್ತು ತಾರಸಿಯನ್ನು ದಾಟುವುದರಲ್ಲಿ 5 ಗಿಗಾಹರ್ಟ್ಸ್‌ಗಿಂತಲೂ ದುರ್ಬಲ.

ಅಳತೆಯೇ ಮೊದಲು

ಖರ್ಚಿಗೆ ಮುನ್ನ ಒಂದು ಗಂಟೆಯ ಅಳತೆ ಅಗತ್ಯ. ಇದಕ್ಕೆ ಗಿಗಾಬಿಟ್ ಕಿಂಡಿಯುಳ್ಳ ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಜಾಲತಂತಿ, ಒಂದು ನೋಟುಪುಸ್ತಕ ಸಾಕು. ಉಳಿದ ಉಪಕರಣಗಳ ಬಳಕೆಯನ್ನು ಆ ಹೊತ್ತಿಗೆ ನಿಲ್ಲಿಸಿ, ಪ್ರತಿ ಹಂತದಲ್ಲಿ ಮೂರು ಬಾರಿ ವೇಗ ಪರೀಕ್ಷೆ ನಡೆಸಿ ಮಧ್ಯದ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಎಲ್ಲ ಹಂತಗಳಿಗೂ ಅದೇ ಲ್ಯಾಪ್‌ಟಾಪ್ ಬಳಸುವುದು ಮುಖ್ಯ. ಒಂದು ಕಡೆ ಮೊಬೈಲ್, ಇನ್ನೊಂದು ಕಡೆ ಲ್ಯಾಪ್‌ಟಾಪ್ ಎಂದಾದರೆ ಎರಡು ತಕ್ಕಡಿಗಳಲ್ಲಿ ತೂಗಿದಂತಾಗುತ್ತದೆ.

ಮೊದಲ ಅಳತೆ ಲ್ಯಾಪ್‌ಟಾಪನ್ನು ನೇರವಾಗಿ ಫೈಬರ್ ಮೋಡೆಮ್‌ಗೆ ತಂತಿಯಿಂದ ಜೋಡಿಸಿ. ಇಲ್ಲಿ ಯೋಜನೆಯ ವೇಗ ಬಾರದಿದ್ದರೆ ಮಾತ್ರ ಕಂಪನಿಗೆ ದೂರು ಕೊಡುವುದರಲ್ಲಿ ಅರ್ಥವಿದೆ, ಮತ್ತು ಆ ದೂರಿಗೆ ತೂಕವೂ ಇರುತ್ತದೆ. ಸಂಜೆಯ ಹೊತ್ತು ಬಳಕೆ ಹೆಚ್ಚಿರುವುದರಿಂದ ಈ ಹಂತವನ್ನು ಬೆಳಿಗ್ಗೆಯೂ ರಾತ್ರಿ ಒಂಬತ್ತರ ಸುಮಾರಿಗೂ ನಡೆಸುವುದು ಸೂಕ್ತ. ಎರಡನೆಯದು ಮುಖ್ಯ ಘಟಕಕ್ಕೆ ತಂತಿಯಿಂದ ಜೋಡಿಸಿ. ಮೂರನೆಯದು ಮುಖ್ಯ ಘಟಕದಿಂದ ಆರೇಳು ಅಡಿ ದೂರದಲ್ಲಿ ವೈ-ಫೈ ಮೂಲಕ. ನಾಲ್ಕನೆಯದನ್ನು ಹೆಚ್ಚಿನವರು ಮಾಡುವುದೇ ಇಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ತಿಳಿಸುವುದು ಅದೇ: ಉಪಘಟಕದ ಹಿಂಬದಿಯ ಕಿಂಡಿಗೆ ಲ್ಯಾಪ್‌ಟಾಪನ್ನು ತಂತಿಯಿಂದ ಜೋಡಿಸಿ ಅಳೆಯುವುದು. ಇಲ್ಲಿ ಬರುವ ಸಂಖ್ಯೆ ಎರಡು ಘಟಕಗಳ ನಡುವಿನ ಕೊಂಡಿಯ ಶಕ್ತಿಯನ್ನಷ್ಟೇ ತೋರಿಸುತ್ತದೆ. ಕೊನೆಯದು, ಆ ಉಪಘಟಕದ ಬಳಿ ವೈ-ಫೈ ಮೂಲಕ.

ಈ ಐದು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದರೆ ಸೋರಿಕೆ ಎಲ್ಲಿದೆಯೆಂಬುದು ತಾನಾಗಿಯೇ ಕಾಣುತ್ತದೆ. ಮೊದಲ ಹಂತದಲ್ಲಿ 290 ಇದ್ದು ಎರಡನೆಯದರಲ್ಲಿ 94 ಬಂದರೆ ವೈ-ಫೈಗೂ ಅದಕ್ಕೂ ಸಂಬಂಧವಿಲ್ಲ. 94 ಅಥವಾ ಅದರ ಆಸುಪಾಸಿನ ಸಂಖ್ಯೆ 100 ಎಂಬಿಪಿಎಸ್ ಕಿಂಡಿಯ ಹೆಜ್ಜೆಗುರುತು. ಅಗ್ಗದ ಎಸಿ1200 ಉಪಕರಣಗಳಲ್ಲಿ ಹಲವಕ್ಕೆ 100 ಎಂಬಿಪಿಎಸ್ ಕಿಂಡಿಯೇ ಇದೆ. ಒಳಗಿನ ವೈ-ಫೈ ಎಷ್ಟೇ ಚುರುಕಾಗಿದ್ದರೂ ಹೊರಗಿನಿಂದ ಒಳಬರುವುದೇ ಅಷ್ಟು. ಕಿಂಡಿ ಗಿಗಾಬಿಟ್ ಆಗಿದ್ದೂ 94 ಬಂದರೆ ತಂತಿಯ ಕಡೆ ನೋಡಬೇಕು: ಗಿಗಾಬಿಟ್ ವೇಗಕ್ಕೆ ತಂತಿಯೊಳಗಿನ ನಾಲ್ಕೂ ಜೋಡಿ ಎಳೆಗಳು ಬೇಕು, ಒಂದು ಎಳೆ ತುಂಡಾದರೂ ಉಪಕರಣಗಳು ಎರಡು ಜೋಡಿಗಳ 100ಕ್ಕೆ ಸದ್ದಿಲ್ಲದೆ ಇಳಿದುಬಿಡುತ್ತವೆ. ಎರಡನೇ ಹಂತದಲ್ಲಿ 290, ನಾಲ್ಕನೆಯದರಲ್ಲಿ 110 ಎಂದಾದರೆ ಘಟಕಗಳ ನಡುವಿನ ಕೊಂಡಿ ದುರ್ಬಲ. ನಾಲ್ಕನೆಯದು ಚೆನ್ನಾಗಿದ್ದು ಐದನೆಯದು ಮಾತ್ರ ಕುಸಿದರೆ, ಲ್ಯಾಪ್‌ಟಾಪ್ 2.4 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿರಬಹುದು, ಅಥವಾ ಹತ್ತಿರದ ಘಟಕವನ್ನು ಬಿಟ್ಟು ಕೆಳಮಹಡಿಯದನ್ನೇ ಹಿಡಿದುಕೊಂಡಿರಬಹುದು. ಯಾವ ಘಟಕವನ್ನು ಹಿಡಿಯಬೇಕೆಂಬುದರ ಕೊನೆಯ ತೀರ್ಮಾನ ಮೊಬೈಲ್ ಅಥವಾ ಲ್ಯಾಪ್‌ಟಾಪಿನದೇ. ಮೆಶ್ ವ್ಯವಸ್ಥೆ ಸಲಹೆ ನೀಡಬಲ್ಲದು ಅಷ್ಟೆ. ವೈ-ಫೈಯನ್ನು ಒಮ್ಮೆ ಆರಿಸಿ ಹಚ್ಚಿದರೆ ಸಾಮಾನ್ಯವಾಗಿ ಹತ್ತಿರದ ಘಟಕಕ್ಕೆ ಮರಳುತ್ತದೆ.

ತಂತಿಯ ಲಾಭ

ಅಳತೆಯಲ್ಲಿ ಕೊಂಡಿಯೇ ದುರ್ಬಲವೆಂದು ಕಂಡವರಿಗೆ ಅತ್ಯಂತ ಅಗ್ಗವಾದ ಮತ್ತು ಶಾಶ್ವತವಾದ ಪರಿಹಾರ, ಘಟಕಗಳ ನಡುವೆ ತಂತಿ ಎಳೆಸುವುದು. ಕ್ಯಾಟ್-5ಇ ದರ್ಜೆಯ ತಂತಿಯೇ 100 ಮೀಟರ್ ದೂರದವರೆಗೆ ಗಿಗಾಬಿಟ್ ವೇಗವನ್ನು ಒಯ್ಯುತ್ತದೆ. ಹೊಸದಾಗಿ ಎಳೆಸುವಾಗ ಕ್ಯಾಟ್-6 ಹಾಕಿಸುವುದು ವಾಡಿಕೆ. ಮೂರು ಮಹಡಿಗಳ ಕಟ್ಟಡಕ್ಕೆ ನಲವತ್ತು, ಐವತ್ತು ಮೀಟರ್ ಸಾಕಾಗುತ್ತದೆ. ತಂತಿ ಬಿದ್ದ ಕೂಡಲೇ ಮರುಪ್ರಸಾರದ ಸುಂಕ ಸಂಪೂರ್ಣ ಮಾಯವಾಗುತ್ತದೆ. ಮೇಲೆ ಹೇಳಿದ ಉದಾಹರಣೆಯಲ್ಲಿ, ಘಟಕಗಳಿಗೆ ಗಿಗಾಬಿಟ್ ಕಿಂಡಿಯಿದ್ದರೆ, ಎರಡನೇ ಮಹಡಿಯ 70 ಎಂಬುದು ಯೋಜನೆಯ 300ರ ಸಮೀಪಕ್ಕೆ ಬರುತ್ತದೆ, ಅದೂ ಅದೇ ಹಳೆಯ ಉಪಕರಣಗಳಲ್ಲಿ. ಕಿಂಡಿ 100ರದಾಗಿದ್ದರೆ 94ಕ್ಕೆ ನಿಲ್ಲುತ್ತದೆ. ಆಗ ಬದಲಿಸಬೇಕಾದದ್ದು ಉಪಕರಣವೇ.

ತಂತಿಯ ಖರೀದಿಯಲ್ಲಿ ಎಚ್ಚರ ಬೇಕು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ತಂತಿ, ಮಾರುಕಟ್ಟೆಯಲ್ಲಿ ಸಿಸಿಎ ಎಂದು ಕರೆಯುವುದು, ಕ್ಯಾಟ್-6 ಎಂಬ ಮುದ್ರೆಯೊಡನೆ ಕಡಿಮೆ ಬೆಲೆಗೆ ಮಾರಾಟವಾಗುತ್ತದೆ. ಅದು ಬೇಗ ಮುರಿಯುತ್ತದೆ. ತಂತಿಯ ಮೂಲಕವೇ ವಿದ್ಯುತ್ ಪಡೆಯುವ ಕ್ಯಾಮೆರಾಗಳಿಗೆ ಬಳಸಿದರೆ ಬಿಸಿಯೂ ಆಗುತ್ತದೆ. ಶುದ್ಧ ತಾಮ್ರವೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಸೂಕ್ತ. ಎಳೆಯ ತುದಿಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ವಿದ್ಯುತ್ ತಂತಿಗಳಿರುವ ಪೈಪಿನೊಳಗೆ ಜಾಲತಂತಿಯನ್ನು ತೂರಿಸಬಾರದು. ಸುರಕ್ಷತೆಯ ದೃಷ್ಟಿಯಿಂದಲೂ ಅದು ತಪ್ಪು.

ಜೋಡಣೆಯಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಂಡುಬರುತ್ತದೆ. ಮೋಡೆಮ್‌ನಲ್ಲಿ ಖಾಲಿ ಕಿಂಡಿಗಳಿವೆಯೆಂದು ಉಪಘಟಕದ ತಂತಿಯನ್ನು ಅಲ್ಲಿಗೇ ಚುಚ್ಚಲಾಗುತ್ತದೆ. ಮುಖ್ಯ ಘಟಕವು ರೂಟರ್ ಆಗಿ ಕೆಲಸ ಮಾಡುತ್ತಿದ್ದರೆ ಉಪಘಟಕದ ತಂತಿ ಮುಖ್ಯ ಘಟಕದ ಕಿಂಡಿಯಿಂದಲೇ ಹೊರಡಬೇಕು. ಕಿಂಡಿ ಸಾಲದಿದ್ದರೆ ಅಲ್ಲೊಂದು ಗಿಗಾಬಿಟ್ ಸ್ವಿಚ್ ಇಡಬೇಕು. ಮೋಡೆಮ್‌ನ ಸ್ವಂತ ವೈ-ಫೈಯನ್ನು ಆರಿಸುವುದನ್ನೂ ಮರೆಯಬಾರದು. ಆರಿಸದಿದ್ದರೆ ಒಂದೇ ಅಂಗಡಿಯಲ್ಲಿ ಎರಡು ಜಾಲಗಳು ಬೆಳೆದು, ಬಿಲ್ಲಿಂಗ್ ಗಣಕ ಒಂದರಲ್ಲಿಯೂ ಮುದ್ರಕ ಇನ್ನೊಂದರಲ್ಲಿಯೂ ಸೇರಿಕೊಂಡು, ‘ಪ್ರಿಂಟರ್ ಕಾಣುತ್ತಿಲ್ಲ’ ಎಂಬ ದೂರು ಹುಟ್ಟುತ್ತದೆ.

ಇದಕ್ಕಿಂತ ಗಂಭೀರವಾದುದು ಲೆಕ್ಕಪತ್ರದ ತಂತ್ರಾಂಶದ ವಿಷಯ. ಒಂದು ಗಣಕದಲ್ಲಿ ದತ್ತಾಂಶವನ್ನಿಟ್ಟು, ಉಳಿದ ಎರಡು ಮೂರು ಗಣಕಗಳು ಅದನ್ನು ಜಾಲದ ಮೂಲಕ ತೆರೆದು ನಮೂದು ಮಾಡುವ ಪದ್ಧತಿ ಬಹಳ ಕಡೆ ಇದೆ. ಈ ಸಂಚಾರ ಕಟ್ಟಡದೊಳಗೇ ಹುಟ್ಟಿ ಕಟ್ಟಡದೊಳಗೇ ಮುಗಿಯುತ್ತದೆ. ಅಂತರಜಾಲವನ್ನು ಮುಟ್ಟುವುದೇ ಇಲ್ಲ. ವೋಚರ್ ತೆರೆಯಲು ಅರ್ಧ ನಿಮಿಷ ಹಿಡಿಯುತ್ತದೆಯೆಂದು ಹೆಚ್ಚಿನ ಯೋಜನೆಗೆ ಹಣ ಕಟ್ಟುವವರು ಇದನ್ನು ಗಮನಿಸಬೇಕು. ನಮೂದಿನ ನಡುವೆ ನಿಸ್ತಂತು ಕೊಂಡಿ ಕ್ಷಣಕಾಲ ಕಡಿದರೂ ದತ್ತಾಂಶ ಕೆಡುವ ಅಪಾಯವಿದೆ. ಈ ಗಣಕಗಳನ್ನು ತಂತಿಯಿಂದಲೇ ಜೋಡಿಸಬೇಕು, ವೈ-ಫೈ ಮೊಬೈಲ್‌ಗಳಿಗಿರಲಿ.

ತಂತಿ ಎಳೆಯಲಾಗದ ಕಡೆ

ಬಾಡಿಗೆ ಕಟ್ಟಡದಲ್ಲಿ ಗೋಡೆ ಕೊರೆಯಲು ಒಪ್ಪಿಗೆ ಸಿಗದಿರಬಹುದು. ಆಗ ಘಟಕದ ಸ್ಥಾನವೇ ನಿರ್ಣಾಯಕ. ಸಂಕೇತ ಸಿಗದ ಕೋಣೆಯಲ್ಲಿಯೇ ಉಪಘಟಕವನ್ನಿಡುವುದು ಸಹಜವೆನಿಸಿದರೂ ಅದು ತಪ್ಪು: ತನಗೇ ಸರಿಯಾಗಿ ಕೇಳಿಸದ ಮಾತನ್ನು ಅದು ಇತರರಿಗೆ ದಾಟಿಸಲಾರದು. ಮುಖ್ಯ ಘಟಕಕ್ಕೂ ಆ ಕೋಣೆಗೂ ನಡುವೆ, ಸಂಕೇತ ಇನ್ನೂ ಬಲವಾಗಿರುವಲ್ಲಿ ಇಡಬೇಕು. ಮೆಶ್ ವ್ಯವಸ್ಥೆಯ ಮೊಬೈಲ್ ಆ್ಯಪ್‌ನಲ್ಲಿ ಸಂಕೇತದ ಬಲ ಡಿಬಿಎಂ ಮಾನದಲ್ಲಿ ಕಂಡರೆ, ಘಟಕಗಳ ನಡುವೆ ಋಣ 60ರ ಆಸುಪಾಸು ಇರುವಂತೆ ನೋಡಿಕೊಳ್ಳಬೇಕು. ಋಣ 70 ಎಂಬುದು ಸ್ವಲ್ಪ ಕಡಿಮೆಯಲ್ಲ, ಹತ್ತನೇ ಒಂದು ಭಾಗದಷ್ಟು ಶಕ್ತಿ. ಮೆಟ್ಟಿಲಿನ ತೆರವು ತರಂಗಗಳಿಗೆ ಒಳ್ಳೆಯ ದಾರಿ. ತಾರಸಿಯನ್ನು ಭೇದಿಸುವುದಕ್ಕಿಂತ ಅದರ ಮೂಲಕ ಏರುವುದು ಸುಲಭ. ಉತ್ತರ ಕರ್ನಾಟಕದ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ, ಕರಾವಳಿಯ ಮುರಕಲ್ಲಿನ ಗೋಡೆ, ಉಕ್ಕಿನ ಬೀರು, ದೊಡ್ಡ ಕನ್ನಡಿ, ತುಂಬಿದ ನೀರಿನ ತೊಟ್ಟಿ, ಅಂಗಡಿಯ ರೋಲಿಂಗ್ ಶಟರ್ ಇವೆಲ್ಲ ಶತ್ರುಗಳೇ. ನೋಟಕ್ಕೆ ಚೆನ್ನಾಗಿರಲೆಂದು ಘಟಕವನ್ನು ಟಿವಿಯ ಹಿಂದೆ ಅಥವಾ ಕಪಾಟಿನೊಳಗೆ ಅಡಗಿಸುವವರ ಸಂಖ್ಯೆಯೂ ಕಡಿಮೆಯೇನಲ್ಲ.

ಘಟಕಗಳ ಸಂಖ್ಯೆ ಹೆಚ್ಚಿದಷ್ಟೂ ಒಳ್ಳೆಯದೆಂಬುದು ಮಾರಾಟಗಾರರ ಮಾತು. ನಿಸ್ತಂತು ಕೊಂಡಿಯ ವ್ಯವಸ್ಥೆಯಲ್ಲಿ ಅನಗತ್ಯವಾದ ಮೂರನೇ ಘಟಕ ಹಾದಿಯನ್ನು ಇನ್ನಷ್ಟು ಹಂಚಿಕೊಳ್ಳುತ್ತದೆ. ಅದನ್ನು ಆರಿಸಿ ಒಮ್ಮೆ ಅಳೆದು ನೋಡಿ, ವ್ಯತ್ಯಾಸವಿಲ್ಲದಿದ್ದರೆ ತೆಗೆದಿಡಬಹುದು.

ಪೇಟೆ ಬೀದಿಯಲ್ಲಿ ನೆರೆಯ ಅಂಗಡಿಗಳ ರೂಟರ್‌ಗಳದೂ ಒಂದು ಸಮಸ್ಯೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಹಾದಿಗಳು 1, 6, 11 ಎಂಬ ಮೂರೇ. ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ. ಈ ಪಟ್ಟಿಯನ್ನು 20 ಮೆಗಾಹರ್ಟ್ಸ್ ಅಗಲಕ್ಕೆ ಸೀಮಿತಗೊಳಿಸಿ ಮುದ್ರಕ ಮತ್ತಿತರ ಸಣ್ಣ ಉಪಕರಣಗಳಿಗೆ ಬಿಟ್ಟುಕೊಡಬೇಕು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ: 2018ರ ಅಕ್ಟೋಬರ್‌ನ ಕೇಂದ್ರ ಸರ್ಕಾರದ ಅಧಿಸೂಚನೆಯಿಂದ ಈ ಪಟ್ಟಿಯ 605 ಮೆಗಾಹರ್ಟ್ಸ್ ಪರವಾನಗಿಯಿಲ್ಲದೆ ಬಳಸಲು ದೊರೆತಿದೆ. ಇಲ್ಲಿ 80 ಮೆಗಾಹರ್ಟ್ಸ್ ಅಗಲ ಸಾಮಾನ್ಯವಾಗಿ ಸ್ಥಿರವಾದ ಆಯ್ಕೆ. 160ಕ್ಕೆ ಏರಿಸಿದರೆ ರೇಡಾರ್‌ಗಳು ಬಳಸುವ ಹಾದಿಗಳೂ ಸೇರಿಕೊಳ್ಳುತ್ತವೆ. ರೇಡಾರ್ ಸಂಕೇತ ಕಂಡಾಗ ಉಪಕರಣ ಜಾಗ ಬಿಡಬೇಕಾಗಿ ಸಂಪರ್ಕ ಕಡಿಯಬಹುದು. ಕೆಲವು ಮೆಶ್ ವ್ಯವಸ್ಥೆಗಳು ಈ ಆಯ್ಕೆಗಳನ್ನು ಬಳಕೆದಾರನಿಗೆ ಬಿಟ್ಟುಕೊಡುವುದೇ ಇಲ್ಲ. ಕೊಳ್ಳುವ ಮೊದಲೇ ವಿಚಾರಿಸಬೇಕಾದ ಸಂಗತಿಯಿದು.

ಎಷ್ಟು ವೇಗ ಬೇಕು

ಜಿಎಸ್‌ಟಿ ಜಾಲತಾಣ, ಇ-ವೇ ಬಿಲ್, ಬ್ಯಾಂಕಿನ ಕೆಲಸ ಇವಕ್ಕೆ ಬೇಕಾದದ್ದು ಹೆಚ್ಚು ವೇಗವಲ್ಲ, ಕಡಿಯದ ಸಂಪರ್ಕ. ಸ್ಥಿರವಾದ 10 ಎಂಬಿಪಿಎಸ್ ಇದ್ದರೂ ಇವು ನಡೆಯುತ್ತವೆ. ಹಣ ಬಂದದ್ದನ್ನು ಕೂಗಿ ಹೇಳುವ ಯುಪಿಐ ಪೆಟ್ಟಿಗೆಗಳು ಸಾಮಾನ್ಯವಾಗಿ ತಮ್ಮದೇ ಸಿಮ್ ಮೂಲಕ ಕೆಲಸ ಮಾಡುವುದರಿಂದ ಅವು ತಡಮಾಡಿದರೆ ವೈ-ಫೈಯನ್ನು ದೂರಿ ಫಲವಿಲ್ಲ.

ಸದ್ದಿಲ್ಲದೆ ಹಾದಿಯನ್ನು ನುಂಗುವುದು ಕಣ್ಗಾವಲು ಕ್ಯಾಮೆರಾಗಳು. ಒಂದೊಂದು 4 ಎಂಬಿಪಿಎಸ್‌ನಂತೆ ಎಂಟು ಕ್ಯಾಮೆರಾಗಳು ಹಗಲಿರುಳು 32 ಎಂಬಿಪಿಎಸ್ ಬಳಸುತ್ತವೆ. ಅವು ನಿಸ್ತಂತು ಉಪಘಟಕದ ಮೂಲಕ ಹೋಗುತ್ತಿದ್ದರೆ ಪ್ರತಿ ಚಿತ್ರವೂ ಎರಡು ಬಾರಿ ಗಾಳಿಯಲ್ಲಿ ಸಾಗುತ್ತದೆ. ಚಿತ್ರಗಳನ್ನು ಹೊರಗಿನ ಸರ್ವರ್‌ಗೆ ಕಳುಹಿಸುವ ವ್ಯವಸ್ಥೆಯಿದ್ದರೆ ಯೋಜನೆಯ ಏರುವೇಗವನ್ನೂ ನೋಡಬೇಕು. ಏರುದಾರಿ ತುಂಬಿದಾಗ ಇಳಿದಾರಿ ಖಾಲಿಯಿದ್ದರೂ ಪುಟಗಳು ತೆರೆಯಲು ತಡಮಾಡುತ್ತವೆ. ಕ್ಯಾಮೆರಾಗಳನ್ನು ತಂತಿಗೆ ಸೇರಿಸಿದ ಮರುದಿನವೇ ಉಳಿದ ವೈ-ಫೈ ಹಗುರವಾಗುವುದನ್ನು ಕಾಣಬಹುದು.

ಆವರಣದಾಚೆಯ ಗೋದಾಮಿಗೆ ಮೆಶ್ ಘಟಕವೊಂದನ್ನು ಕಿಟಕಿಯಲ್ಲಿಟ್ಟು ಸಂಪರ್ಕ ಕೊಡುವ ಪ್ರಯತ್ನ ತಗಡಿನ ಗೋಡೆಯೆದುರು ಸೋಲುತ್ತದೆ. ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿಯನ್ನು ಬಯಲಿನಲ್ಲಿ ಎಳೆದರೆ, ಏಪ್ರಿಲ್ ಮತ್ತು ಮೇ ತಿಂಗಳ ಸಿಡಿಲಿಗೆ ಎರಡೂ ತುದಿಗಳ ಉಪಕರಣಗಳು ಸುಡುವ ಸಂಭವವಿದೆ. ಅಲ್ಲಿಗೆ ಫೈಬರ್ ಎಳೆಯನ್ನು ಹಾಕಿಸಿ, ಎರಡೂ ತುದಿಗಳಲ್ಲಿ ಮೀಡಿಯಾ ಕನ್ವರ್ಟರ್ ಕೂರಿಸಬೇಕು. ಅಗೆಯಲು ಅವಕಾಶವಿಲ್ಲದಿದ್ದರೆ ಒಂದಕ್ಕೊಂದು ಎದುರುಬದುರಾಗಿ ಗುರಿಯಿಟ್ಟ 5 ಗಿಗಾಹರ್ಟ್ಸ್ ಜೋಡಿ ಆಂಟೆನಾಗಳನ್ನು, ಸಿಡಿಲು ರಕ್ಷಕ ಮತ್ತು ಭೂಸಂಪರ್ಕ ಸಹಿತ, ಎರಡೂ ಚಾವಣಿಗಳ ಮೇಲೆ ನಿಲ್ಲಿಸಬಹುದು. ನಡುವೆ ತೆಂಗಿನ ಗರಿ ಅಡ್ಡ ಬಾರದಂತೆ ನೋಡಿಕೊಂಡರೆ ಸಾಕು.